ಶಾಲೆ ಬಿಟ್ಟ ಮೇಲಿನ ಹಸಿವು

ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವಂತಿಲ್ಲ ಎಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಪ್ರಕಟಿಸಿದ್ದು 2024ರ ಮಾರ್ಚ್ 11ರಂದು. ಪರೀಕ್ಷೆಗೆ ತೆಗೆದ ಗೋಬಿಯ 171 ಮಾದರಿಗಳಲ್ಲಿ 107ರಲ್ಲಿ ಹಾಕಬಾರದ ಬಣ್ಣ ಸಿಕ್ಕಿತ್ತು. ಕೆಲವೇ ತಿಂಗಳಲ್ಲಿ ಪಾನಿಪುರಿಯ ಸರದಿ ಬಂತು. 260 ಮಾದರಿಗಳಲ್ಲಿ 41 ಅಸುರಕ್ಷಿತ ಎಂದು ವರದಿಯಾಯಿತು. ಟಿ.ವಿ.ಗಳಲ್ಲಿ ದಿನಗಟ್ಟಲೆ ಅದೇ ಮಾತು, ಮನೆಗಳಲ್ಲಿ ಮಕ್ಕಳಿಗೆ ಅದೇ ಎಚ್ಚರಿಕೆ. ಬಣ್ಣದ ಬಗ್ಗೆ ಇಷ್ಟೆಲ್ಲ ಚರ್ಚೆಯಾದರೂ ಅದಕ್ಕಿಂತ ಹಿಂದಿನ ಪ್ರಶ್ನೆಯೊಂದನ್ನು ಯಾರೂ ಎತ್ತಲಿಲ್ಲ. ಸಂಜೆ ಐದೂವರೆಗೆ, ಬೆನ್ನಿಗೆ ಟ್ಯೂಷನ್ ಬ್ಯಾಗು ಹಾಕಿಕೊಂಡ ಮಕ್ಕಳು ಆ ಗಾಡಿಯ ಮುಂದೆ ನಿಲ್ಲುವುದಾದರೂ ಏಕೆ? ಬಾಯಿಚಪಲ ಎಂದು ಹಿರಿಯರು ತೀರ್ಪು ಕೊಟ್ಟುಬಿಡುತ್ತಾರೆ. ಚಪಲವೂ ಇರಬಹುದು. ಆದರೆ ಮಕ್ಕಳ ದಿನಚರಿಯನ್ನು ಗಡಿಯಾರದ ಎದುರಿಟ್ಟು ನೋಡಿದರೆ ಅದಕ್ಕಿಂತ ದೊಡ್ಡ ಕಾರಣ ಕಾಣುತ್ತದೆ. ಆ ಹೊತ್ತಿಗೆ ಅವರಿಗೆ ಊಟದ ಹಸಿವೇ ಆಗಿರುತ್ತದೆ, ನಾವು ಅದಕ್ಕೆ ಕುರುಕಲು ಕೊಟ್ಟು ಸುಮ್ಮನಾಗಿಸುತ್ತೇವೆ.

ಲೆಕ್ಕ ಹಾಕಿ ನೋಡಿ. ಬೆಂಗಳೂರಿನ ರಾಜಾಜಿನಗರದ್ದೋ ಕೆಂಗೇರಿ ಉಪನಗರದ್ದೋ ಒಂದು ಖಾಸಗಿ ಶಾಲೆಯಲ್ಲಿ ಮಧ್ಯಾಹ್ನ ಹನ್ನೆರಡು, ಹನ್ನೆರಡೂವರೆಗೆ ಊಟದ ಗಂಟೆ ಹೊಡೆಯುತ್ತದೆ. ಬೆಳಿಗ್ಗೆ ಏಳಕ್ಕೇ ತುಂಬಿಸಿಟ್ಟ ಡಬ್ಬಿಯ ಚಿತ್ರಾನ್ನ ಅಷ್ಟು ಹೊತ್ತಿಗೆ ತಣ್ಣಗಾಗಿ ಗಟ್ಟಿಯಾಗಿರುತ್ತದೆ. ಊಟಕ್ಕೆ ಕೊಡುವುದು ಇಪ್ಪತ್ತೋ ಮೂವತ್ತೋ ನಿಮಿಷ, ಅದರಲ್ಲೇ ಆಟ, ಅದರಲ್ಲೇ ಮಾತು. ಅರ್ಧ ಡಬ್ಬಿ ಹಾಗೇ ವಾಪಸ್ಸು ಬರುತ್ತದೆ. ವ್ಯಾನಿನಲ್ಲಿ ಸುತ್ತಿ ಮನೆ ತಲುಪುವಾಗ ನಾಲ್ಕು ಗಂಟೆ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಾದರೆ ರಾತ್ರಿಯ ಊಟ ಎಂಟೂವರೆ, ಒಂಬತ್ತಕ್ಕೆ. 2023ರ ಅಕ್ಟೋಬರಿನಿಂದ ನೇರಳೆ ಮೆಟ್ರೊ ಚಲ್ಲಘಟ್ಟದಿಂದ ವೈಟ್‌ಫೀಲ್ಡಿನವರೆಗೂ ಓಡುತ್ತಿದೆ; ವಿಜಯನಗರ, ಅತ್ತಿಗುಪ್ಪೆಯಲ್ಲಿ ಮನೆ ಇಟ್ಟುಕೊಂಡು ಊರಿನ ಆ ತುದಿಯಲ್ಲಿ ಕೆಲಸ ಮಾಡುವುದು ಈಗ ಸಾಧ್ಯವಾಗಿದೆ, ಆದರೆ ಮನೆ ಸೇರುವ ಹೊತ್ತು ಹಿಂದೆ ಬಂದಿಲ್ಲ. ಅಂದರೆ ಮಗುವಿನ ಎರಡು ಊಟಗಳ ನಡುವೆ ಎಂಟರಿಂದ ಒಂಬತ್ತು ತಾಸು. ಕಚೇರಿಯಲ್ಲಿ ಕೂತು ಕೆಲಸ ಮಾಡುವ ದೊಡ್ಡವರೂ ಇಷ್ಟು ಹೊತ್ತು ಬರೀ ಹೊಟ್ಟೆಯಲ್ಲಿ ಇರುವುದಿಲ್ಲ. ಮಗುವಿನ ಹೊಟ್ಟೆ ಚಿಕ್ಕದು, ಒಂದೇ ಸಲ ಹೆಚ್ಚು ಹಿಡಿಸದು. ಮೈತೂಕಕ್ಕೆ ಹೋಲಿಸಿದರೆ ಬೇಕಾಗುವ ಶಕ್ತಿ ಮಾತ್ರ ದೊಡ್ಡವರಿಗಿಂತ ಹೆಚ್ಚು. ಐಸಿಎಂಆರ್ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ 2020ರಲ್ಲಿ ಪರಿಷ್ಕರಿಸಿದ ಪಟ್ಟಿಯ ಪ್ರಕಾರ ಏಳರಿಂದ ಒಂಬತ್ತು ವರ್ಷದ ಮಗುವಿಗೆ ದಿನಕ್ಕೆ ಸುಮಾರು 1,700 ಕಿಲೊ ಕ್ಯಾಲೊರಿ, 23 ಗ್ರಾಂ ಪ್ರೋಟೀನ್ ಬೇಕು. ಸಂಜೆಯ ಪಾಲನ್ನು ಬಿಟ್ಟು ಉಳಿದ ಮೂರು ಹೊತ್ತಿನಲ್ಲೇ ಇದನ್ನು ತುಂಬಿಸಿಬಿಡುತ್ತೇವೆ ಎನ್ನುವುದು ಹೆಚ್ಚಿನ ಮನೆಗಳಲ್ಲಿ ನಡೆಯದ ಮಾತು.

ಹಾಗಾದರೆ ಹೊಟ್ಟೆ ತುಂಬಿಸುವುದು ಯಾವುದು? ಈ ಪ್ರಶ್ನೆಯನ್ನು ಸಿಡ್ನಿ ವಿಶ್ವವಿದ್ಯಾಲಯದ ಸುಸಾನ ಹೋಲ್ಟ್ ಮತ್ತು ಸಂಗಡಿಗರು 1995ರಲ್ಲಿ ನೇರವಾಗಿಯೇ ಕೇಳಿದರು. 38 ಬಗೆಯ ಆಹಾರಗಳನ್ನು ತಲಾ 240 ಕ್ಯಾಲೊರಿಯಷ್ಟು ಕೊಟ್ಟು, ಮುಂದಿನ ಎರಡು ತಾಸು ಹಸಿವು ಹೇಗಿದೆ ಎಂದು ಕೇಳುತ್ತ ಹೋದರು. ಬಿಳಿ ಬ್ರೆಡ್ಡಿಗೆ ನೂರು ಅಂಕ ಎಂದಿಟ್ಟುಕೊಂಡರೆ ಬೇಯಿಸಿದ ಆಲೂಗಡ್ಡೆಗೆ ಬಂದದ್ದು 323, ಪಟ್ಟಿಯಲ್ಲೇ ಎಲ್ಲಕ್ಕಿಂತ ಮೇಲೆ. ಅದೇ ಆಲೂಗಡ್ಡೆಯನ್ನು ಚಿಪ್ಸ್ ಮಾಡಿ ಕೊಟ್ಟಾಗ 91. ಗಡ್ಡೆ ಒಂದೇ, ಕ್ಯಾಲೊರಿ ಒಂದೇ, ಆದರೂ ಮೂರು ಪಟ್ಟಿಗಿಂತ ಹೆಚ್ಚು ಅಂತರ. ಕಾರಣ ಗುಟ್ಟೇನಲ್ಲ. ಬೇಯಿಸಿದ ಗಡ್ಡೆಯಲ್ಲಿ ನೀರಿದೆ, ತೂಕವಿದೆ, ತಟ್ಟೆ ತುಂಬ ಕಾಣುತ್ತದೆ. ಎಣ್ಣೆಗೆ ಬಿದ್ದ ತೆಳು ಬಿಲ್ಲೆಯಲ್ಲಿ ನೀರು ಹೋಗಿ ಆ ಜಾಗಕ್ಕೆ ಎಣ್ಣೆ ಬಂದಿರುತ್ತದೆ. 240 ಕ್ಯಾಲೊರಿ ಎಂದರೆ ಎರಡು ಹಿಡಿ, ನಾಲಿಗೆಯ ಮೇಲೆ ಕರಗಿಹೋಗುತ್ತದೆ, ಹೊಟ್ಟೆಗೆ ತಿಂದದ್ದೇ ಗೊತ್ತಾಗುವುದಿಲ್ಲ. ಆ ಪ್ರಯೋಗಕ್ಕೆ ಕೂತವರು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು, ಚಿಕ್ಕ ಮಕ್ಕಳಲ್ಲ. ಅಂಕಿಗಳನ್ನು ಹಾಗೇ ಎತ್ತಿ ನಮ್ಮ ಮಕ್ಕಳಿಗೆ ಹಚ್ಚುವುದು ಸರಿಯಲ್ಲ. ಆದರೆ ನೀರು, ನಾರು, ಪ್ರೋಟೀನ್, ಜಗಿಯುವ ಕೆಲಸ ಈ ನಾಲ್ಕು ಇದ್ದ ಕಡೆ ಹೊಟ್ಟೆ ತುಂಬುತ್ತದೆ ಎನ್ನುವ ದಿಕ್ಕನ್ನು ಅನಂತರದ ಸಂಶೋಧನೆಗಳೂ ಅಲ್ಲಗಳೆದಿಲ್ಲ. 2019ರಲ್ಲಿ ಅಮೆರಿಕದ ಸಂಶೋಧಕ ಕೆವಿನ್ ಹಾಲ್ 20 ಮಂದಿಯನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡು ನಡೆಸಿದ ಪ್ರಯೋಗದಲ್ಲಿ, ಕಾರ್ಖಾನೆಯ ಸಿದ್ಧ ಆಹಾರ ತಿಂದ ವಾರಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು. ಅವರಿಗೆ ಯಾರೂ ಬಲವಂತ ಮಾಡಿರಲಿಲ್ಲ. ಬೇಗ ಬೇಗ ತಿಂದರು, ಸಾಕು ಅನ್ನಿಸುವ ಮೊದಲೇ ಹೆಚ್ಚಾಗಿಬಿಟ್ಟಿತ್ತು.

ನಮ್ಮ ಮನೆಗಳ ಸಂಜೆಗೆ ಈ ಅಳತೆಗೋಲು ಹಿಡಿದರೆ ಮೊದಲು ಸೋಲುವುದು ಬಿಸ್ಕತ್ತು. ಗ್ಲೂಕೋಸ್ ಬಿಸ್ಕತ್ತಿನ ಪೊಟ್ಟಣದ ಹಿಂಬದಿ ಓದಿ, ತೂಕದಲ್ಲಿ ಸುಮಾರು ಕಾಲು ಭಾಗ ಸಕ್ಕರೆ, ಉಳಿದದ್ದರಲ್ಲಿ ಬಹುಪಾಲು ಮೈದಾ ಮತ್ತು ತಾಳೆಎಣ್ಣೆ. ಜೊತೆಗೆ ಒಂದು ಲೋಟ ಹಾಲು, ಅದಕ್ಕೆ ಎರಡು ಚಮಚ ಚಾಕೊಲೇಟ್ ಪುಡಿ. ಹಾಲು ಒಳ್ಳೆಯದೇ, ಪುಡಿಯ ಮಾತು ಬೇರೆ. ಇಂಥ ಪುಡಿಗಳನ್ನು ಆರೋಗ್ಯ ಪೇಯ ಎಂಬ ವಿಭಾಗದಲ್ಲಿ ಮಾರಬೇಡಿ ಎಂದು ಕೇಂದ್ರ ವಾಣಿಜ್ಯ ಸಚಿವಾಲಯ 2024ರ ಏಪ್ರಿಲಿನಲ್ಲಿ ಆನ್‌ಲೈನ್ ಮಾರಾಟಗಾರರಿಗೆ ತಿಳಿಸಿತು, ಏಕೆಂದರೆ 2006ರ ಆಹಾರ ಸುರಕ್ಷತೆ ಕಾಯ್ದೆಯಲ್ಲಿ ಅಂಥದೊಂದು ವರ್ಗವೇ ಇಲ್ಲ. ಮರುವರ್ಷ ಮೇ ತಿಂಗಳಲ್ಲಿ ಸಿಬಿಎಸ್‌ಇ ತನ್ನ ಶಾಲೆಗಳಲ್ಲಿ ಸಕ್ಕರೆ ಫಲಕ ಹಾಕಲು ಹೇಳಿದಾಗ ಕೊಟ್ಟ ಅಂಕಿಯನ್ನೂ ಗಮನಿಸಿ: ನಾಲ್ಕರಿಂದ ಹತ್ತು ವರ್ಷದ ಮಕ್ಕಳ ದಿನದ ಕ್ಯಾಲೊರಿಯಲ್ಲಿ ಶೇ 13ರಷ್ಟು ಸಕ್ಕರೆಯಿಂದಲೇ ಬರುತ್ತಿದೆ, ಇರಬೇಕಾದದ್ದು ಶೇ 5. ಇನ್ನು ಕೆಲವು ಮನೆಗಳಲ್ಲಿ ಮಕ್ಕಳಿಗೂ ದೊಡ್ಡವರ ಜೊತೆ ಅರ್ಧ ಲೋಟ ಟೀ. ಟೀಯಲ್ಲಿರುವ ಒಗರಿನ ಅಂಶ ಆಹಾರದ ಕಬ್ಬಿಣವನ್ನು ಸರಿಯಾಗಿ ಮೈಗೆ ಹತ್ತಗೊಡುವುದಿಲ್ಲ. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು ರಕ್ತಹೀನರು ಎಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತು ಎತ್ತಿ ತೋರಿಸಿದ ರಾಜ್ಯ ನಮ್ಮದು. ಇಲ್ಲಿ ಮಕ್ಕಳಿಗೆ ಟೀ ಕುಡಿಸುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಬದಲಿಗೆ ಏನು ಎಂದು ಕೇಳುವವರಿಗೆ ಉತ್ತರ ಅಡುಗೆಮನೆಯ ಡಬ್ಬಿಗಳಲ್ಲೇ ಇದೆ: ಕಾಳು. ಹೆಸರುಕಾಳು, ಕಡಲೆಕಾಳು, ಅಲಸಂದೆ, ಹುರುಳಿ ಯಾವುದಾದರೂ ಸರಿ. ಒಣಗಿದ ಕಾಳು ಒಂದು ಸಣ್ಣ ಹಿಡಿ, ಅಂದರೆ 30 ಗ್ರಾಂ, ರಾತ್ರಿ ನೆನೆದು ಬೆಳಿಗ್ಗೆಗೆ ಎರಡರಷ್ಟಾಗುತ್ತದೆ. ಬೇಯಿಸಿದರೆ ಒಂದು ಬಟ್ಟಲು. ನೂರು ಕ್ಯಾಲೊರಿ, ಆರರಿಂದ ಏಳು ಗ್ರಾಂ ಪ್ರೋಟೀನ್. ಎಂಟು ವರ್ಷದ ಮಗುವಿನ ದಿನದ ಪ್ರೋಟೀನಿನಲ್ಲಿ ಕಾಲು ಭಾಗಕ್ಕೂ ಹೆಚ್ಚು ಅಲ್ಲೇ ಮುಗಿಯಿತು. ಕುಕ್ಕರಿನಲ್ಲಿ ಬೇಯಿಸುವಾಗ ಉಪ್ಪು ಹಾಕಿ, ಕಾಳು ಒಡೆದು ಮುದ್ದೆಯಾಗದಂತೆ, ಬೆರಳಲ್ಲಿ ಹಿಸುಕಿದರೆ ಮಾತ್ರ ನುರಿಯುವಷ್ಟು ಬೇಯಬೇಕು. ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ, ಮೇಲೆ ಕಾಯಿತುರಿ; ಇದೇ ಉಸ್ಲಿ. ಒಲೆ ಆರಿಸಿದ ಮೇಲೆ ನಿಂಬೆಹಣ್ಣು ಹಿಂಡಿ. ನಿಂಬೆ ಬರೀ ರುಚಿಗಲ್ಲ, ಅದರ ಸಿ ಜೀವಸತ್ವ ಕಾಳಿನ ಕಬ್ಬಿಣ ಮೈಗೆ ಹತ್ತುವಂತೆ ಮಾಡುತ್ತದೆ. ಒಲೆಯ ಮುಂದೆ ನಿಲ್ಲಲು ಆಗದ ದಿನ ಕೋಸಂಬರಿ: ಹೆಸರುಬೇಳೆ ಒಂದು ತಾಸು ನೆನೆದರೆ ಸಾಕು, ಸೌತೆಕಾಯಿ ಕ್ಯಾರೆಟ್ ಬೆರೆಸಿ ಬಡಿಸಬಹುದು. ಡಿಸೆಂಬರ್, ಜನವರಿಯಲ್ಲಿ ಮಾಗಡಿ ಕಡೆಯ ಸೊಗಡವರೆ ವಿಜಯನಗರ ಮಾರ್ಕೆಟ್ಟಿಗೆ ರಾಶಿ ಬೀಳುವಾಗ ಬೇರೆ ಯೋಚನೆಯೇ ಬೇಡ, ಬಿಡಿಸಿ ಉಪ್ಪು ಹಾಕಿ ಬೇಯಿಸಿದರೆ ಮಕ್ಕಳು ತಾವೇ ಖಾಲಿ ಮಾಡುತ್ತಾರೆ. ಕಡಲೆಕಾಯಿಯ ಬಗ್ಗೆ ಒಂದು ಮಾತು. ಹೋಲ್ಟ್ ಪಟ್ಟಿಯಲ್ಲಿ ಕಡಲೆಬೀಜಕ್ಕೆ ಬಂದದ್ದು 84, ಬ್ರೆಡ್ಡಿಗಿಂತ ಕಡಿಮೆ, ಯಾಕೆಂದರೆ ಅದರಲ್ಲಿ ಎಣ್ಣೆ ಹೆಚ್ಚು, ಗಾತ್ರ ಕಡಿಮೆ. ಹಾಗೆಂದು ಅದನ್ನು ಬಿಡಬೇಕಿಲ್ಲ. ಸಿಪ್ಪೆ ಸಮೇತ ಬೇಯಿಸಿ ಕೊಟ್ಟರೆ ನೀರು ಸೇರಿರುತ್ತದೆ, ಒಂದೊಂದೇ ಸುಲಿದು ತಿನ್ನುವಾಗ ವೇಗವೂ ತಾನಾಗಿ ತಗ್ಗುತ್ತದೆ. ಐದು ವರ್ಷದ ಒಳಗಿನವರಿಗೆ ಮಾತ್ರ ಇಡೀ ಬೀಜ, ಇಡೀ ಕಾಳು ಕೊಡಬಾರದು, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಅವರಿಗೆ ನುರಿದು ಕೊಡಿ.

ಕಾಳಿನ ಪಕ್ಕದಲ್ಲಿ ನಿಲ್ಲಬಲ್ಲದ್ದು ರಾಗಿ, ಅದರಲ್ಲೂ ಹುರಿಹಿಟ್ಟು. ನೀರು ಚಿಮುಕಿಸಿಟ್ಟ ರಾಗಿಯನ್ನು ಕಾದ ಬಾಣಲೆಯಲ್ಲಿ ಅರಳಿಸಿ, ಬೀಸಿ ಮಾಡಿದ ಹಿಟ್ಟು ಇದು. ಆಗಲೇ ಬೆಂದಿರುವುದರಿಂದ ಮತ್ತೆ ಒಲೆಗೆ ಇಡುವ ಕೆಲಸವಿಲ್ಲ. ಹಾಲಿಗೋ ಮೊಸರಿಗೋ ಕಲಸಿ, ಚೂರು ಬೆಲ್ಲ, ಕಾಯಿತುರಿ ಹಾಕಿ, ಒಂದು ಏಲಕ್ಕಿ ಬಾಳೆಹಣ್ಣು ಕಿವುಚಿದರೆ ಎಂಟು ವರ್ಷದ ಮಗು ತಾನೇ ಮಾಡಿಕೊಳ್ಳಬಹುದಾದ ಹೊಟ್ಟೆತುಂಬುವ ತಿಂಡಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶ, ಹತ್ತು ಗ್ರಾಂ ದಾಟುವ ನಾರು. ಇಷ್ಟೆಲ್ಲ ಇದ್ದೂ ರಾಜಾಜಿನಗರದ ಅಂಗಡಿಯಲ್ಲಿ ಮೂಲೆಯ ಕಪಾಟಿಗೆ ಸೇರಿರುವ ಈ ಹಿಟ್ಟು, ಬೇರೆ ಹೆಸರಿನ ಬಣ್ಣದ ಡಬ್ಬಿಯಲ್ಲಿ ನಾಲ್ಕು ಪಟ್ಟು ಬೆಲೆಗೆ ಬಂದ ದಿನ ಎದುರಿನ ಕಪಾಟಿಗೆ ಬರುತ್ತದೇನೋ. ಉಳಿದವುಗಳಿಗೆ ಹೆಚ್ಚು ವಿವರಣೆ ಬೇಡ. ಬೆಳಗಿನ ದೋಸೆಹಿಟ್ಟು ಮಿಕ್ಕಿದ್ದರೆ ಈರುಳ್ಳಿ, ಕ್ಯಾರೆಟ್ ತುರಿದು ಹಾಕಿ ಪಡ್ಡು. ಕಡಲೆಬೀಜ, ಮೊಸರು ಸೇರಿಸಿದ ಅವಲಕ್ಕಿ. ಬೇಯಿಸಿದ ಗೆಣಸು, ಮುಸುಕಿನ ಜೋಳ. ತಿನ್ನುವ ಮನೆಗಳಲ್ಲಿ ಮೊಟ್ಟೆ. ಕೆಲಸ ಕಡಿಮೆ, ಹೊಟ್ಟೆ ಹಿಡಿಸುವುದು ಹೆಚ್ಚು.

ಮಕ್ಕಳು ಇದನ್ನೆಲ್ಲ ಎಲ್ಲಿ ತಿನ್ನುತ್ತಾರೆ, ಉಸ್ಲಿ ಎಂದರೆ ಮುಖ ತಿರುಗಿಸುತ್ತಾರೆ ಎನ್ನುವುದು ಮೊದಲ ಆಕ್ಷೇಪ. ಈ ಆಕ್ಷೇಪಕ್ಕೆ ಉತ್ತರ ರಾಮನವಮಿಯ ದಿನ ಬಸವೇಶ್ವರನಗರದ ಯಾವುದಾದರೂ ಪೆಂಡಾಲಿನ ಮುಂದೆ ಸಿಗುತ್ತದೆ. ದೊನ್ನೆಯಲ್ಲಿ ಕೊಡುವ ಅದೇ ಹೆಸರುಬೇಳೆ ಕೋಸಂಬರಿಗೆ ಮಕ್ಕಳು ಎರಡನೆಯ ಸಲ ಸಾಲಿನಲ್ಲಿ ನಿಲ್ಲುತ್ತಾರೆ. ನವರಾತ್ರಿಯಲ್ಲಿ ಗೊಂಬೆ ನೋಡಲು ಮನೆಮನೆಗೆ ಹೋದಾಗ ಕೈಗೆ ಹಾಕುವ ಉಸ್ಲಿಯೂ ಉಳಿಯುವುದಿಲ್ಲ. ಅಲ್ಲಿ ಮೂರು ಸಂಗತಿಗಳಿವೆ: ಓಡಾಡಿ ಹಸಿದಿರುತ್ತಾರೆ, ಜೊತೆಯವರು ತಿನ್ನುತ್ತಿರುತ್ತಾರೆ, ಪಕ್ಕದಲ್ಲಿ ಬೇರೆ ಪೊಟ್ಟಣ ಇರುವುದಿಲ್ಲ. ಮನೆಯಲ್ಲಿ ಮೂರನೆಯದನ್ನಾದರೂ ಮಾಡಬಹುದು. ಕಪಾಟಿನಲ್ಲಿ ಚಿಪ್ಸ್ ಕಾಣುತ್ತಿರುವಾಗ ಕಾಳು ಸೋಲುವುದು ಖಚಿತ, ದೊಡ್ಡವರ ಕೈಯೂ ಚಿಪ್ಸಿಗೇ ಹೋಗುತ್ತದೆ. ಹೊಸ ತಿನಿಸನ್ನು ಮಕ್ಕಳು ಒಪ್ಪಿಕೊಳ್ಳಲು ಎಂಟು ಹತ್ತು ಸಲವಾದರೂ ಅದು ಎದುರಿಗೆ ಬರಬೇಕು ಎನ್ನುವುದು ಮಕ್ಕಳ ಆಹಾರದ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡುಬಂದಿರುವ ಸಂಗತಿ. ನಾವು ಎರಡನೆಯ ಸಲಕ್ಕೇ ಸೋಲೊಪ್ಪಿ ನೂಡಲ್ಸ್ ಕುದಿಸುತ್ತೇವೆ.

ಎರಡನೆಯದು ಸಮಯದ ಆಕ್ಷೇಪ, ಇದು ಹೆಚ್ಚು ನ್ಯಾಯವಾದದ್ದು. ನಾಲ್ಕು ಗಂಟೆಗೆ ಮನೆಯಲ್ಲಿ ಇರುವುದು ಮಂಡಿನೋವಿನ ಅಜ್ಜಿ, ಇಲ್ಲವೇ ಕೆಲಸದಾಕೆ, ಇಲ್ಲವೇ ಕೀಲಿಕೈ ಹಿಡಿದು ಬಂದ ಮಗುವೇ. ಬಿಸಿಬಿಸಿ ಮಾಡಿ ಬಡಿಸುವ ಸಲಹೆ ಇಂಥ ಮನೆಗೆ ಅಪಹಾಸ್ಯ, ಅದರ ಹೊರೆ ಹೇಗೂ ತಾಯಿಯ ತಲೆಗೇ ಬರುತ್ತದೆ. ಆದ್ದರಿಂದಲೇ ಕಾಳು, ಹುರಿಹಿಟ್ಟಿನ ಮಾತು ಎತ್ತಿದ್ದು. ಭಾನುವಾರ ಮತ್ತು ಬುಧವಾರ ರಾತ್ರಿ ಎರಡು ದಿನಕ್ಕಾಗುವಷ್ಟು ಕಾಳು ಬೇಯಿಸಿ ಫ್ರಿಜ್ಜಿನಲ್ಲಿಟ್ಟರೆ ಸಂಜೆ ಬೇಕಾಗುವುದು ಒಗ್ಗರಣೆಯ ಐದು ನಿಮಿಷ. ಬೇಯಿಸಿಡುವ ಕೆಲಸ ಅಪ್ಪನೂ ಮಾಡಬಹುದು, ಕುಕ್ಕರಿನ ಸೀಟಿ ಎಣಿಸಲು ವಿಶೇಷ ಪ್ರತಿಭೆ ಬೇಕಿಲ್ಲ. ಸಮಯ, ಹಣ ಎರಡೂ ಇಲ್ಲದ ಕಡೆಯೂ ಇದು ಸಾಧ್ಯ ಎನ್ನಲು ಸರ್ಕಾರಿ ಶಾಲೆಗಳನ್ನು ನೋಡಿ. 2013ರ ಆಗಸ್ಟ್ 1ರಂದು ಶುರುವಾದ ಕ್ಷೀರಭಾಗ್ಯ ಮಗುವಿಗೆ 150 ಮಿ.ಲೀ. ಹಾಲು ಕೊಡುತ್ತದೆ, 2024ರಲ್ಲಿ ಅದಕ್ಕೆ ವಾರದಲ್ಲಿ ಮೂರು ದಿನ ರಾಗಿಮಾಲ್ಟ್ ಸೇರಿತು. ಅದೇ ವರ್ಷ ಜುಲೈನಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ಜೊತೆ ಒಪ್ಪಂದವಾಗಿ ಮೊಟ್ಟೆ ವಾರಕ್ಕೆ ಆರು ದಿನಕ್ಕೇರಿತು, ತಿನ್ನದವರಿಗೆ ಬಾಳೆಹಣ್ಣು ಮುಂತಾದವು. ಹಾಲು, ರಾಗಿ, ಮೊಟ್ಟೆ, ಬಾಳೆಹಣ್ಣು: ರಾಜ್ಯದಾದ್ಯಂತ ಲಕ್ಷಾಂತರ ಮಕ್ಕಳಿಗೆ ಹಂಚಬೇಕಾದವರಿಗೆ ಹೊಳೆದ ಪಟ್ಟಿಯಲ್ಲಿ ಬಿಸ್ಕತ್ತು ಇಲ್ಲ. ದುಬಾರಿ ಫೀಸು ಕಟ್ಟುವ ಮನೆಯ ಮಗು ಈ ಒಂದು ವಿಷಯದಲ್ಲಿ ಸರ್ಕಾರಿ ಶಾಲೆಯ ಮಗುವಿಗಿಂತ ಹಿಂದೆ ಬಿದ್ದಿದೆ.

ಸಂಜೆ ಇಷ್ಟು ತಿಂದರೆ ರಾತ್ರಿ ಊಟ ಸೇರುವುದಿಲ್ಲವಲ್ಲ ಎಂಬ ಚಿಂತೆ ಅಜ್ಜಿಯರದು. ಸೇರದಿದ್ದರೆ ನಷ್ಟವೇನು? ರಾತ್ರಿ ಒಂಬತ್ತೂವರೆಗೆ ತೂಕಡಿಸುತ್ತ ಟಿ.ವಿ. ಮುಂದೆ ತುರುಕಿಸಿಕೊಳ್ಳುವ ಅನ್ನಕ್ಕಿಂತ ಐದು ಗಂಟೆಗೆ ಎಚ್ಚರವಾಗಿ, ಹಸಿದು ತಿಂದ ಊಟ ಮೇಲು. ಮೊಸರನ್ನ ಅರ್ಧ ತಟ್ಟೆ ತಿಂದು ಎದ್ದರೂ ಗಾಬರಿ ಬೇಡ, ನೋಡಬೇಕಾದದ್ದು ದಿನದ ಒಟ್ಟು ಲೆಕ್ಕ. ಕಾಳು ತಿಂದರೆ ವಾಯು ಎನ್ನುವ ಮಾತಿನಲ್ಲಿ ಹುರುಳಿದೆ. ಎಂಟು ಹತ್ತು ತಾಸು ನೆನೆಸಿ, ನೆನೆದ ನೀರು ಚೆಲ್ಲಿ, ಮೊದಲ ವಾರ ಕಡಿಮೆ ಕೊಟ್ಟು ಹೆಚ್ಚಿಸುತ್ತ ಹೋದರೆ ಹೊಟ್ಟೆ ಹೊಂದಿಕೊಳ್ಳುತ್ತದೆ. ಬೇಕರಿಯದಲ್ಲ, ಮನೆಯಲ್ಲೇ ಕರಿದ ಕೋಡುಬಳೆ, ನಿಪ್ಪಟ್ಟು ಎಂದು ಸಮಾಧಾನ ಮಾಡಿಕೊಳ್ಳುವವರಿಗೆ ಮಾತ್ರ ಸಮಾಧಾನದ ಉತ್ತರವಿಲ್ಲ. ಮನೆಯ ಎಣ್ಣೆ ಹೊಸದಿರಬಹುದು, ಅಕ್ಕಿಹಿಟ್ಟು ಶುದ್ಧವಿರಬಹುದು, ಬಾಣಲೆಗೆ ಬಿದ್ದ ಮೇಲೆ ನೀರು ಹೋಗಿ ಎಣ್ಣೆ ಕೂರುವ ಲೆಕ್ಕ ಮನೆಗೂ ಬೇಕರಿಗೂ ಒಂದೇ. ಹಬ್ಬಕ್ಕೆ ಮಾಡಲಿ, ಮನಸಾರೆ ತಿನ್ನಲಿ. ದಿನವೂ ಸಂಜೆಯ ಹಸಿವಿಗೆ ಅದು ಉತ್ತರವಲ್ಲ. ಹಣ್ಣೊಂದನ್ನೇ ಕೊಟ್ಟು ಕೈತೊಳೆದುಕೊಳ್ಳುವುದೂ ಅಷ್ಟೆ, ಒಂದು ಸೇಬು ಒಂದು ತಾಸಿಗೆ ಸಾಕಾಗಬಹುದು, ನಾಲ್ಕು ತಾಸಿಗಲ್ಲ.

ಇದರರ್ಥ ಗೋಬಿ ಗಾಡಿಯನ್ನು ಓಡಿಸಬೇಕೆಂದಲ್ಲ. ತಿಂಗಳಿಗೊಮ್ಮೆ ಮಸಾಲೆಪುರಿ ತಿನ್ನದ ಬೆಂಗಳೂರಿನ ಬಾಲ್ಯ ಯಾರಿಗೆ ಬೇಕು. ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಅತಿ ಕೊಬ್ಬು, ಉಪ್ಪು, ಸಕ್ಕರೆಯ ತಿನಿಸು ಮಾರಬಾರದು ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲೇ ನಿಯಮ ಮಾಡಿದೆ. ಆದರೆ ಹತ್ತು ನಿಮಿಷದಲ್ಲಿ ಬಾಗಿಲಿಗೆ ಚಿಪ್ಸ್ ತಂದುಕೊಡುವ ಆ್ಯಪಿಗೆ ಯಾವ ಮೀಟರಿನ ಲೆಕ್ಕವೂ ಇಲ್ಲ, ಹಸಿದ ಮಗುವನ್ನು ನಿಯಮಗಳು ತಡೆಯುವುದೂ ಇಲ್ಲ. ತಡೆಯಬಲ್ಲದ್ದು ತುಂಬಿದ ಹೊಟ್ಟೆ. ಐದು ಗಂಟೆಗೆ ಉಸ್ಲಿ ತಿಂದು ಹೊರಟ ಮಗು ಗಾಡಿಯ ಮುಂದೆ ನಿಂತರೂ ಅರ್ಧ ಪ್ಲೇಟಿಗೆ ತೃಪ್ತಿಪಡುತ್ತದೆ. ಮನೆಯವರು ಮಾಡಬೇಕಾದದ್ದು ಇಷ್ಟಾದರೆ ಶಾಲೆಗಳು, ಟ್ಯೂಷನ್ನಿನವರು ಮಾಡಬೇಕಾದದ್ದೂ ಇದೆ. ಹನ್ನೆರಡಕ್ಕೇ ಊಟ ಮುಗಿಸುವ ಶಾಲೆ ಎರಡೂವರೆಗೆ ಹತ್ತು ನಿಮಿಷದ ಎರಡನೆಯ ಡಬ್ಬಿಗೆ ಅವಕಾಶ ಕೊಡಬಹುದು. ಐದಕ್ಕೆ ಶುರುವಾಗುವ ಟ್ಯೂಷನ್ ಐದೂಕಾಲಿಗೆ ಶುರುವಾದರೆ ಯಾರ ರ್‍ಯಾಂಕೂ ಕೈತಪ್ಪುವುದಿಲ್ಲ. ಮುಂದಿನ ಪೋಷಕರ ಸಭೆಯಲ್ಲಿ ಅಂಕಪಟ್ಟಿಯ ಮಾತು ಮುಗಿದ ಮೇಲೆ ಒಂದು ಪ್ರಶ್ನೆ ಕೇಳಿ: ನಮ್ಮ ಮಕ್ಕಳು ಊಟ ಮಾಡುವುದು ಎಷ್ಟು ಗಂಟೆಗೆ, ಅದಕ್ಕೆ ಸಿಗುವುದು ಎಷ್ಟು ನಿಮಿಷ?